ಕಂಪ್ಯೂಟರ್ ಪರದೆ ಸರಿಯಾಗಿ ಕಾಣ್ತಿಲ್ವಾ? ಡಿಸ್‌ಪ್ಲೇ ಸೆಟ್ಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವ ದಾರಿಗಳು ವಿಂಡೋಸ್ 10 ಮತ್ತು 11ಕ್ಕೆ. ಮೆನುಗಳ ಹೆಸರು ಎರಡರಲ್ಲೂ ಒಂದಿಷ್ಟು ಹೆಚ್ಚುಕಮ್ಮಿ ಇರುತ್ತದೆ. ಆದರೆ ಒಳಗೆ ಹೋಗುವ ಬಾಗಿಲು ಒಂದೇ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ಒತ್ತಿ. ಮುಂದೆ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ ಎಂದು ಬಂದಲ್ಲೆಲ್ಲ ಇದೇ ಪುಟ ಅಂತ ತಿಳಿಯಿರಿ.

ಪರದೆ ಮೇಲೆ ಗೆರೆ, ಕಲೆ ಬರ್ತಿದೆ. ಸೆಟ್ಟಿಂಗ್ ತೊಂದರೆಯೋ, ಪರದೆಯೇ ಹೋಗಿದೆಯೋ ಹೇಗೆ ಗೊತ್ತಾಗುತ್ತೆ?

ಅಂಗಡಿಗೆ ಒಯ್ಯುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ವಿಂಡೋಸ್ ಕೀ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚಿತ್ರ ‘ಪಿಕ್ಚರ್ಸ್’ ಒಳಗಿನ ‘ಸ್ಕ್ರೀನ್‌ಶಾಟ್ಸ್’ ಫೋಲ್ಡರಿಗೆ ಹೋಗಿ ಕೂರುತ್ತದೆ. ಅದನ್ನು ನಿಮ್ಮ ಫೋನಿಗೆ ಕಳಿಸಿ, ಫೋನಿನಲ್ಲಿ ತೆರೆದು ನೋಡಿ. ಗೆರೆ ಅಲ್ಲೂ ಇದ್ದರೆ ತಪ್ಪು ಕಂಪ್ಯೂಟರಿನ ಒಳಗೆ ಆಗುತ್ತಿದೆ: ಡ್ರೈವರ್ (ವಿಂಡೋಸ್ ಮತ್ತು ಗ್ರಾಫಿಕ್ಸ್ ಚಿಪ್ ನಡುವೆ ಮಾತುಕತೆ ನಡೆಸುವ ಸಾಫ್ಟ್‌ವೇರ್), ಬೇರೆ ಯಾವುದೋ ಸಾಫ್ಟ್‌ವೇರ್, ಇಲ್ಲವೇ ಚಿತ್ರ ಕಟ್ಟುವ ಗ್ರಾಫಿಕ್ಸ್ ಚಿಪ್. ಫೋನಿನಲ್ಲಿ ಚಿತ್ರ ಶುದ್ಧವಾಗಿದ್ದರೆ ಕಂಪ್ಯೂಟರ್ ಸರಿಯಾಗಿಯೇ ಚಿತ್ರ ಕಟ್ಟುತ್ತಿದೆ. ಅದು ಕಣ್ಣಿಗೆ ತಲುಪುವ ದಾರಿಯಲ್ಲಿ ಕೆಡುತ್ತಿದೆ. ಆ ದಾರಿ ಅಂದರೆ ಬಹುತೇಕ ಕೇಬಲ್ ಅಥವಾ ಪರದೆ.

ನಮ್ಮ ಪಕ್ಕದ ಮನೆಯ ಹುಡುಗಿಯ ಲ್ಯಾಪ್‌ಟಾಪಿಗೆ ಪ್ಯಾನೆಲ್ (ಪರದೆಯ ಹಲಗೆ) ಬದಲಿಸಬೇಕು ಅಂತ ಒಂದು ಅಂಗಡಿಯಲ್ಲಿ ಹೇಳಿದ್ದರು. ಪರೀಕ್ಷೆ ಹತ್ತಿರ ಬಂದಿತ್ತು, ಮನೆಯವರು ದುಡ್ಡು ಹೊಂದಿಸಲು ಹೊರಟಿದ್ದರು. ಸ್ಕ್ರೀನ್‌ಶಾಟ್ ತೆಗೆದು ನೋಡಿದರೆ ಅದೇ ಹಸಿರು ಪಟ್ಟಿಗಳು ಫೋನಿನಲ್ಲೂ ಇದ್ದವು. ಹೊಸ ಗ್ರಾಫಿಕ್ಸ್ ಡ್ರೈವರ್ ಬಂದ ಮರುದಿನದಿಂದ ಶುರುವಾದ ತೊಂದರೆ ಅದು. ಡಿವೈಸ್ ಮ್ಯಾನೇಜರ್ (ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ) ತೆರೆದು, ‘ಡಿಸ್‌ಪ್ಲೇ ಅಡಾಪ್ಟರ್ಸ್’ ಒಳಗಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’, ಅಲ್ಲಿಂದ ‘ಡ್ರೈವರ್’, ಆಮೇಲೆ ‘ರೋಲ್ ಬ್ಯಾಕ್ ಡ್ರೈವರ್’. ಹತ್ತು ನಿಮಿಷದ ಕೆಲಸ. ಒಂದು ರೂಪಾಯಿ ಖರ್ಚಾಗಲಿಲ್ಲ.

ಈ ಪರೀಕ್ಷೆ ಗೆರೆ, ಚುಕ್ಕಿ, ಕಲೆಗಳಿಗೆ ಮಾತ್ರ. ಪರದೆ ಹಳದಿಯಾಗಿದೆ, ಮಂಕಾಗಿದೆ, ಮಿಣುಕುತ್ತಿದೆ ಅನ್ನುವಂಥದ್ದು ಸ್ಕ್ರೀನ್‌ಶಾಟಿನಲ್ಲಿ ಬರುವುದಿಲ್ಲ.

ಇನ್ನೂ ಎರಡು ಪರೀಕ್ಷೆ ಇವೆ. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಎಫ್2 ಅಥವಾ ಡಿಲೀಟ್ ಕೀ ಒತ್ತುತ್ತಾ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್ ಪುಟಕ್ಕೆ ಹೋಗಿ (ಕಂಪನಿಯಿಂದ ಕಂಪನಿಗೆ ಕೀ ಬೇರೆ ಇರುತ್ತದೆ). ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿರುವುದಿಲ್ಲ. ಅಲ್ಲೂ ಗೆರೆ ಇದ್ದರೆ ಸೆಟ್ಟಿಂಗ್ ಹುಡುಕಿ ಸುಮ್ನೆ ಹೊತ್ತು ಕಳೆಯಬೇಡಿ. ಇನ್ನೊಂದು ಪರೀಕ್ಷೆ ಲ್ಯಾಪ್‌ಟಾಪಿಗೆ. ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚೆನ್ನಾಗಿ ಬಂದರೆ ಲ್ಯಾಪ್‌ಟಾಪಿನ ಪ್ಯಾನೆಲ್ ಅಥವಾ ಮುಚ್ಚಳದ ಕೀಲಿನೊಳಗೆ ಹಾದುಹೋಗುವ ಕೇಬಲ್ ಕೆಟ್ಟಿದೆ. ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಮಾಡಿ. ಗೆರೆ ಬಂದು ಹೋಗಿ ಮಾಡಿದರೆ ಬಹುತೇಕ ಆ ಕೇಬಲ್ಲೇ. ಪ್ಯಾನೆಲ್‌ಗಿಂತ ಅದು ತುಂಬ ಅಗ್ಗ. ಅಂಗಡಿಯಲ್ಲಿ ಮೊದಲು ಅದನ್ನೇ ನೋಡಿಸಿ.

ಅಕ್ಷರ ತುಂಬ ಸಣ್ಣ. ರೆಸಲ್ಯೂಶನ್ ಕಡಿಮೆ ಮಾಡಿಬಿಡಲೇ?

ದಯವಿಟ್ಟು ಬೇಡ. ಕನ್ನಡ ಓದುವವರು ಅತಿ ಹೆಚ್ಚು ಮಾಡುವ ತಪ್ಪು ಇದೇ. ಕಣ್ಣಿಗೆ ಅತಿ ಹೆಚ್ಚು ತ್ರಾಸ ಕೊಡುವುದೂ ಇದೇ.

ರೆಸಲ್ಯೂಶನ್ ಅಂದರೆ ಚಿತ್ರದಲ್ಲಿ ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ. ಈಗಿನ ಚಪ್ಪಟೆ ಪರದೆಯಲ್ಲಿ ಬೆಳಕಿನ ಚುಕ್ಕಿಗಳು ತಯಾರಾಗುವಾಗಲೇ ಎಣಿಸಿ ಕೂರಿಸಿದ ಹಾಗೆ ಇರುತ್ತವೆ. 1920×1080 ಪರದೆ ಅಂದರೆ 20,73,600 ಚುಕ್ಕಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನೀವು ರೆಸಲ್ಯೂಶನ್ 1366×768ಕ್ಕೆ ಇಳಿಸಿದರೆ ಚುಕ್ಕಿಗಳೇನೂ ಕಡಿಮೆಯಾಗುವುದಿಲ್ಲ. ಕಂಪ್ಯೂಟರಿನ ಒಂದು ಚುಕ್ಕಿಯನ್ನು ಪರದೆಯ ಸುಮಾರು 1.4 ಚುಕ್ಕಿಗಳ ಮೇಲೆ ಹರಡಬೇಕಾಗುತ್ತದೆ. ಅರ್ಧ ಚುಕ್ಕಿ ಬೆಳಗಿಸಲು ಆಗಲ್ಲ ಅಲ್ವಾ? ಹಾಗಾಗಿ ಅಕ್ಕಪಕ್ಕದ ಚುಕ್ಕಿಗಳು ಬೂದು ಬಣ್ಣಕ್ಕೆ ತಿರುಗುತ್ತವೆ. ಅಕ್ಷರದ ಅಂಚು ಕಲಸಿಹೋಗುತ್ತದೆ.

ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡಕ್ಕೆ ಆಗುವುದಿಲ್ಲ. ‘ದನ’ ಮತ್ತು ‘ಧನ’ ನೋಡಿ. ಎರಡಕ್ಕೂ ಇರುವ ವ್ಯತ್ಯಾಸ ದಕಾರದ ಕೆಳಗಿನ ಒಂದು ಸಣ್ಣ ಸೀಳು. ‘ರಾಷ್ಟ್ರ’ ಅಂತ ಬರೆದರೆ ಷಕಾರಕ್ಕೆ ಟಕಾರದ ಒತ್ತು, ಅದಕ್ಕೆ ಮತ್ತೆ ರಕಾರದ ಒತ್ತು. ಸಾಲಿನ ಕೆಳಗಿನ ಬೆರಳಗಲದ ಜಾಗದಲ್ಲಿ ಎರಡು ಒತ್ತುಗಳು ಒತ್ತಿಕೊಂಡು ಕೂತಿರುತ್ತವೆ. ರೆಸಲ್ಯೂಶನ್ ಇಳಿಸಿದ ಪರದೆಯಲ್ಲಿ ಅವೆರಡೂ ಸೇರಿ ಒಂದು ಮಸಿಯ ಮುದ್ದೆ ಆಗುತ್ತದೆ.

ನಮ್ಮ ಅಪ್ಪ ಪಹಣಿ ನೋಡಲು ಕಂಪ್ಯೂಟರ್ ಮುಂದೆ ಕೂರುತ್ತಾರೆ. ‘ಅಕ್ಷರ ದೊಡ್ಡದು ಮಾಡಿ ಕೊಡು’ ಅಂದದ್ದಕ್ಕೆ ಯಾರೋ 1024×768 ಇಟ್ಟು ಹೋಗಿದ್ದರು. ಅಕ್ಷರ ದೊಡ್ಡದೇನೋ ಆಗಿತ್ತು. ಆದರೆ ಎಲ್ಲ ಅಡ್ಡಕ್ಕೆ ಎಳೆದ ಹಾಗೆ, ಸೊನ್ನೆ ಮೊಟ್ಟೆಯ ಹಾಗೆ. ಸರ್ವೆ ನಂಬರಿನ ಪಕ್ಕದ ಹಿಸ್ಸಾ ನಂಬರು 3ರೋ 8ರೋ ತಿಳಿಯದೆ ಅಪ್ಪ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದರು. ತಪ್ಪು ಅವರ ಕಣ್ಣಿನದಾಗಿರಲಿಲ್ಲ. ರೆಸಲ್ಯೂಶನ್ 1920×1080ಕ್ಕೆ ತಂದು, ಸ್ಕೇಲ್ 150% ಮಾಡಿದೆ. ಅಪ್ಪ ಬೆನ್ನು ಕುರ್ಚಿಗೆ ಒರಗಿಸಿ ಓದಿದರು.

ಹಾಗಾದರೆ ನೀವು ಮಾಡಬೇಕಾದ್ದು ಇಷ್ಟು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಶನ್ ಪಟ್ಟಿ ತೆರೆದು ‘ರೆಕಮೆಂಡೆಡ್’ ಎಂದು ಬರೆದಿರುವುದನ್ನೇ ಆರಿಸಿ. ಅದಕ್ಕೆ ಮತ್ತೆ ಕೈ ಹಚ್ಚಬೇಡಿ. ಅಕ್ಷರ ದೊಡ್ಡದು ಬೇಕಾದರೆ ಅಲ್ಲೇ ಇರುವ ‘ಸ್ಕೇಲ್’ ಅನ್ನು 125% ಅಥವಾ 150%ಕ್ಕೆ ಏರಿಸಿ. ಸ್ಕೇಲ್ ಏರಿಸಿದಾಗ ಕಂಪ್ಯೂಟರ್ ಅದೇ ಚುಕ್ಕಿಗಳಲ್ಲಿ ಅಕ್ಷರವನ್ನು ಹೊಸದಾಗಿ, ದೊಡ್ಡದಾಗಿ ಬರೆಯುತ್ತದೆ. ಸಣ್ಣದನ್ನು ಹಿಗ್ಗಿಸುವುದಿಲ್ಲ.

ಎಷ್ಟು ಇಡಬೇಕು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ವಿಂಡೋಸಿನ 100% ಅಂದರೆ ಇಂಚಿಗೆ 96 ಚುಕ್ಕಿ ಅಂತ. 24 ಇಂಚಿನ 1920×1080 ಮಾನಿಟರಿನಲ್ಲಿ ಇಂಚಿಗೆ ಸುಮಾರು 92 ಚುಕ್ಕಿ, ಅಲ್ಲಿ 100% ಸಾಕು. ಅದೇ ರೆಸಲ್ಯೂಶನ್ 15.6 ಇಂಚಿನ ಲ್ಯಾಪ್‌ಟಾಪಿನಲ್ಲಿದ್ದರೆ ಇಂಚಿಗೆ ಸುಮಾರು 141 ಚುಕ್ಕಿ. ಅಲ್ಲಿ 125ರಿಂದ 150% ಬೇಕೇ ಬೇಕು. ವಯಸ್ಸಾದವರು ಕೂರುವುದಾದರೆ ಇನ್ನೂ ಒಂದು ಮೆಟ್ಟಿಲು ಮೇಲೆ ಇಡಿ.

ಬರಿ ಅಕ್ಷರ ಮಾತ್ರ ದೊಡ್ಡದಾಗಬೇಕು, ಚಿತ್ರ, ಐಕಾನ್ ಹಾಗೇ ಇರಲಿ ಅನ್ನುವವರಿಗೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸಿಬಿಲಿಟಿ’ (ವಿಂಡೋಸ್ 10ರಲ್ಲಿ ‘ಈಸ್ ಆಫ್ ಆಕ್ಸೆಸ್’) ಒಳಗೆ ‘ಟೆಕ್ಸ್ಟ್ ಸೈಜ್’ ಇದೆ. 225% ತನಕ ಏರಿಸಬಹುದು. ಇಂಟರ್ನೆಟ್ ಪುಟದಲ್ಲಾದರೆ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ. ಮೊದಲಿನ ಹಾಗೆ ಆಗಲು ಕಂಟ್ರೋಲ್ ಮತ್ತು ಸೊನ್ನೆ.

ಸ್ಕೇಲ್ ಏರಿಸಿದ ಮೇಲೆ ಒಂದು ಹಳೆಯ ಸಾಫ್ಟ್‌ವೇರ್ ಮಾತ್ರ ಮಸುಕಾಗಿ ಕಾಣುತ್ತದೆ. ಯಾಕೆ?

ಆ ಸಾಫ್ಟ್‌ವೇರ್ ಬರೆದ ಕಾಲಕ್ಕೆ ಸ್ಕೇಲಿನ ಗೊಡವೆ ಇರಲಿಲ್ಲ. ಅದು 100% ಅಂದುಕೊಂಡೇ ಚಿತ್ರ ಕೊಡುತ್ತದೆ, ವಿಂಡೋಸ್ ಅದನ್ನು ಹಿಗ್ಗಿಸುತ್ತದೆ. ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಕಂಪ್ಯಾಟಿಬಿಲಿಟಿ’, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ಗೆ ಹೋಗಿ. ಕೆಳಗಿನ ‘ಓವರ್‌ರೈಡ್’ ಚೌಕಕ್ಕೆ ಟಿಕ್ ಹಾಕಿ. ‘ಅಪ್ಲಿಕೇಶನ್’ ಆರಿಸಿದರೆ ಅಕ್ಷರ ಚೊಕ್ಕ, ಆದರೆ ಸಣ್ಣ. ‘ಸಿಸ್ಟಮ್ (ಎನ್‌ಹಾನ್ಸ್‌ಡ್)’ ಕೆಲವು ಸಾಫ್ಟ್‌ವೇರಿಗೆ ಚೆನ್ನಾಗಿ ಹೊಂದುತ್ತದೆ. ಎರಡನ್ನೂ ಹಾಕಿ ನೋಡಿ. ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆದ ಮೇಲೆಯೇ ಬದಲಾವಣೆ ಕಾಣುತ್ತದೆ.

ರೆಸಲ್ಯೂಶನ್ ಸರಿ ಇದೆ. ಆದರೂ ಅಕ್ಷರದ ಅಂಚು ಒರಟು.

ಕ್ಲಿಯರ್‌ಟೈಪ್ ಆಫ್ ಆಗಿರಬಹುದು. ಪರದೆಯ ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂದು ಮೂರು ಕಡ್ಡಿಗಳು ಪಕ್ಕಪಕ್ಕ ಇರುತ್ತವೆ. ಆ ಕಡ್ಡಿಗಳನ್ನು ಬೇರೆ ಬೇರೆಯಾಗಿ ಬಳಸಿ ಅಕ್ಷರದ ಅಂಚನ್ನು ನಯ ಮಾಡುವ ಉಪಾಯ ಇದು. ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ‘ಅಡ್ಜಸ್ಟ್ ಕ್ಲಿಯರ್‌ಟೈಪ್ ಟೆಕ್ಸ್ಟ್’ ಬರುತ್ತದೆ. ಆನ್ ಮಾಡಿ ಮುಂದೆ ಹೋದರೆ ಒಂದೊಂದಾಗಿ ಮಾದರಿಗಳನ್ನು ತೋರಿಸಿ ಯಾವುದು ಚೆನ್ನಾಗಿದೆ ಎಂದು ಕೇಳುತ್ತದೆ. ಮಾದರಿಗಳೆಲ್ಲ ಇಂಗ್ಲಿಷ್. ಆದ್ದರಿಂದ ಮುಗಿಸಿದ ತಕ್ಷಣ ಒಂದು ಕನ್ನಡ ಪುಟ ತೆರೆದು ಒತ್ತಕ್ಷರಗಳನ್ನು ನೋಡಿ. ದಪ್ಪ ಜಾಸ್ತಿಯಾಗಿ ಒತ್ತುಗಳು ಅಂಟಿಕೊಂಡಿದ್ದರೆ ಇನ್ನೊಮ್ಮೆ ಮಾಡಿ, ಸ್ವಲ್ಪ ತೆಳು ಮಾದರಿ ಆರಿಸಿ.

ಫಾಂಟ್ ಕೂಡ ಲೆಕ್ಕಕ್ಕೆ ಬರುತ್ತದೆ. ವಿಂಡೋಸ್ 8ರಿಂದ ಈಚೆಗೆ ಕನ್ನಡಕ್ಕೆ ನಿರ್ಮಲಾ ಯುಐ ಬರುತ್ತಿದೆ. ಅದಕ್ಕೂ ಮೊದಲು ಎಕ್ಸ್‌ಪಿ ಕಾಲದಿಂದ ತುಂಗಾ ಇತ್ತು. ಪರದೆಯ ಮೇಲೆ ಸಣ್ಣ ಅಳತೆಯಲ್ಲಿ ಓದಲು ನನಗೆ ನಿರ್ಮಲಾ ಹಿತ.

ಕನ್ನಡದ ಜಾಗದಲ್ಲಿ ಚೌಕಗಳು, ಅಥವಾ ಅರ್ಥವಾಗದ ಚಿಹ್ನೆಗಳು ಬರುತ್ತಿವೆ. ಯಾವ ಸೆಟ್ಟಿಂಗ್?

ಇದು ಡಿಸ್‌ಪ್ಲೇ ಸೆಟ್ಟಿಂಗ್ ಅಲ್ಲ. ಖಾಲಿ ಚೌಕ ಬಂದರೆ ಕನ್ನಡ ಫಾಂಟ್ ಇಲ್ಲ ಅಂತ. ಚಿಹ್ನೆಗಳ ರಾಶಿ ಬಂದರೆ ಫೈಲು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಳಸದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದೆ. ಆ ಫಾಂಟ್ ಹಾಕಿಕೊಳ್ಳಿ, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಿ.

ಮಗು ಕೀಬೋರ್ಡ್ ಮುಟ್ಟಿತು, ಪರದೆ ತಲೆಕೆಳಗಾಯಿತು!

ಕಂಟ್ರೋಲ್, ಆಲ್ಟ್, ಮೇಲಿನ ಬಾಣ ಮೂರನ್ನೂ ಒಟ್ಟಿಗೆ ಒತ್ತಿ. ಕೆಲವು ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ ಇದು ಕೆಲಸ ಮಾಡುತ್ತದೆ. ಹೊಸ ಡ್ರೈವರ್‌ಗಳಲ್ಲಿ ಈ ಕೀಗಳನ್ನು ಬಹಳ ಕಡೆ ತೆಗೆದಿದ್ದಾರೆ. ಆಗ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ‘ಓರಿಯೆಂಟೇಶನ್’ನಲ್ಲಿ ‘ಲ್ಯಾಂಡ್‌ಸ್ಕೇಪ್’ ಆರಿಸಬೇಕು. ಮೌಸ್ ಉಲ್ಟಾ ಓಡುತ್ತದಲ್ಲ, ಅದಕ್ಕೂ ದಾರಿ ಇದೆ. ಮೌಸನ್ನೇ ತಿರುಗಿಸಿ, ಅದರ ಬಾಲ ನಿಮ್ಮ ಕಡೆ ಬರುವ ಹಾಗೆ ಹಿಡಿಯಿರಿ. ಬಾಣ ನೀವು ಹೇಳಿದ ಕಡೆಗೇ ಹೋಗುತ್ತದೆ.

ಎಲ್ಲ ದೈತ್ಯವಾಗಿದೆ, ಮೌಸ್ ಹೋದ ಕಡೆ ಪರದೆಯೂ ಜರುಗುತ್ತದೆ.

ಮ್ಯಾಗ್ನಿಫೈಯರ್ ಆನ್ ಆಗಿದೆ. ವಿಂಡೋಸ್ ಕೀ ಮತ್ತು ಎಸ್ಕೇಪ್ ಒತ್ತಿ.

ಬಣ್ಣ ಕೆಟ್ಟಿದೆ. ಕಪ್ಪು ಬಿಳುಪು, ಹಳದಿ, ಗುಲಾಬಿ ಹೀಗೆ ಏನೇನೋ ಕಾಣುತ್ತದೆ.

ಯಾವ ಬಣ್ಣ ಅನ್ನುವುದರಲ್ಲೇ ಉತ್ತರ ಇದೆ.

ಪೂರ್ತಿ ಕಪ್ಪು ಬಿಳುಪಾಗಿದ್ದರೆ ‘ಆಕ್ಸೆಸಿಬಿಲಿಟಿ’ಯ ‘ಕಲರ್ ಫಿಲ್ಟರ್ಸ್’ ಆಫ್ ಮಾಡಿ. ವಿಂಡೋಸ್, ಕಂಟ್ರೋಲ್ ಮತ್ತು ಸಿ ಕೀಗಳು ಒಟ್ಟಿಗೆ ಒತ್ತಿಹೋದರೆ ಹೀಗಾಗುವುದುಂಟು. ಸಂಜೆಯಾದರೆ ಮಾತ್ರ ಹಳದಿಯಾಗುತ್ತದೆ ಅನ್ನುವುದಾದರೆ ಅದು ‘ನೈಟ್ ಲೈಟ್’. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೇ ಇದೆ. ಮದುವೆ ಆಲ್ಬಮ್, ಬ್ಯಾನರ್ ಮಾಡುವವರು ಇದನ್ನು ಆಫ್ ಇಟ್ಟೇ ಬಣ್ಣ ತಿದ್ದಬೇಕು. ಇಲ್ಲದಿದ್ದರೆ ಪ್ರಿಂಟ್ ಬಂದಾಗ ಎಲ್ಲರ ಮುಖ ನೀಲಿಗೆ ತಿರುಗಿರುತ್ತದೆ.

ಹಳೆಯ ಡೆಸ್ಕ್‌ಟಾಪಿನಲ್ಲಿ ನೀಲಿ ತಲೆಯ ವಿಜಿಎ ಕೇಬಲ್ ಇದ್ದರೆ ಬೇರೆ ಕಥೆ. ಅದರಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ತಂತಿ. ಕೆಂಪು ತಂತಿ ಕಡಿದರೆ ಬಿಳಿ ಪುಟ ಹಸಿರು ಬೆರೆತ ನೀಲಿಯಾಗುತ್ತದೆ. ಹಸಿರು ಕಡಿದರೆ ಗಾಢ ಗುಲಾಬಿ. ನೀಲಿ ಕಡಿದರೆ ಹಳದಿ. ಕಂಪ್ಯೂಟರ್ ಆಫ್ ಮಾಡಿ ಕೇಬಲ್ ಬಿಚ್ಚಿ, ಒಳಗಿನ ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಬಾಗಿದ ಪಿನ್ ಇದ್ದರೆ ಸೂಜಿಯಿಂದ ಮೆಲ್ಲಗೆ ನೆಟ್ಟಗೆ ಮಾಡಿ. ಮಧ್ಯದ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಬಹಳ ಕೇಬಲ್‌ಗಳು ಹಾಗೇ ತಯಾರಾಗುತ್ತವೆ. ಮತ್ತೆ ಸಿಕ್ಕಿಸಿ ಎರಡೂ ಬದಿಯ ತಿರುಪು ಬಿಗಿ ಮಾಡಿ. ವಿಜಿಎಯಲ್ಲಿ ಚಿತ್ರ ಒಂದು ಪಕ್ಕಕ್ಕೆ ಸರಿದಿದ್ದರೆ ಮಾನಿಟರಿನ ಗುಂಡಿಗಳಲ್ಲಿ ‘ಆಟೋ’ ಅಥವಾ ‘ಆಟೋ ಅಡ್ಜಸ್ಟ್’ ಒತ್ತಿದರೆ ಸಾಕು.

ಪರದೆ ಮಿಣುಕುತ್ತಿದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಉಳಿದದ್ದೆಲ್ಲದರ ಜೊತೆ ಟಾಸ್ಕ್ ಮ್ಯಾನೇಜರ್ ಕೂಡ ಮಿಣುಕಿದರೆ ಡ್ರೈವರ್ ಮೇಲೆ ಅನುಮಾನ ಪಡಿ. ಅದೊಂದು ಮಾತ್ರ ಸ್ಥಿರವಾಗಿ ನಿಂತು ಉಳಿದದ್ದು ಮಿಣುಕಿದರೆ ಯಾವುದೋ ಆ್ಯಪ್‌ನ ಕಿತಾಪತಿ. ಇತ್ತೀಚೆಗೆ ಹಾಕಿದ್ದನ್ನು ತೆಗೆದು ನೋಡಿ.

ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ಯಲ್ಲಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ ಅನ್ನುವುದು) ಎಷ್ಟಿದೆ ನೋಡಿ. ಸಾಮಾನ್ಯ ಮಾನಿಟರಿಗೆ 60 ಹರ್ಟ್ಜ್. ಕೆಲವೊಮ್ಮೆ 59 ಅಂತ ತೋರಿಸುತ್ತದೆ, ಎರಡೂ ಹೆಚ್ಚುಕಮ್ಮಿ ಒಂದೇ. 144 ಹರ್ಟ್ಜ್ ಮಾನಿಟರ್ ಕೊಂಡವರು ಇಲ್ಲಿ ಒಮ್ಮೆ ಇಣುಕಲೇಬೇಕು. ವಿಂಡೋಸ್ ಅದನ್ನು 60ರಲ್ಲೇ ಓಡಿಸುತ್ತಿರಬಹುದು. ದುಡ್ಡು ಕೊಟ್ಟದ್ದು ಪೆಟ್ಟಿಗೆಯಲ್ಲೇ ಉಳಿದ ಹಾಗೆ.

ಫೋನಿನ ಕ್ಯಾಮೆರಾದಲ್ಲಿ ನೋಡಿದಾಗ ಮಾತ್ರ ಪಟ್ಟಿಗಳು ಓಡುತ್ತವೆ, ಬರಿಗಣ್ಣಿಗೆ ಇಲ್ಲ ಅಂದರೆ ಅದು ದೋಷವಲ್ಲ. ಕ್ಯಾಮೆರಾದ ವೇಗ ಮತ್ತು ಪರದೆಯ ವೇಗ ಹೊಂದದೆ ಹಾಗಾಗುತ್ತದೆ.

ವಿಂಡೋಸ್ ಹೊಸದಾಗಿ ಹಾಕಿಸಿದೆ. ಎಲ್ಲ ದಪ್ಪ ದಪ್ಪ, ರೆಸಲ್ಯೂಶನ್ ಬದಲಾಗ್ತಿಲ್ಲ, ಬ್ರೈಟ್‌ನೆಸ್ ಪಟ್ಟಿಯೂ ಕೆಲಸ ಮಾಡ್ತಿಲ್ಲ.

ಗ್ರಾಫಿಕ್ಸ್ ಡ್ರೈವರ್ ಹಾಕುವುದನ್ನು ಮರೆತಿದ್ದಾರೆ. ಡಿವೈಸ್ ಮ್ಯಾನೇಜರಿನ ‘ಡಿಸ್‌ಪ್ಲೇ ಅಡಾಪ್ಟರ್ಸ್’ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತಿದ್ದರೆ ಖಾತ್ರಿ. ಇಂಟರ್ನೆಟ್ ಜೋಡಿಸಿ ವಿಂಡೋಸ್ ಅಪ್‌ಡೇಟ್ ಓಡಿಸಿ, ಬಹುತೇಕ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಲ್ಯಾಪ್‌ಟಾಪ್ ಅಡಿಯಲ್ಲಿರುವ ಮಾಡೆಲ್ ನಂಬರ್ ನೋಡಿ, ತಯಾರಿಸಿದ ಕಂಪನಿಯ ಸೈಟಿನಿಂದ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಪುಕ್ಕಟೆ ಸರಿಮಾಡುತ್ತೇವೆ’ ಎನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಬೇಡಿ.

ಡೆಸ್ಕ್‌ಟಾಪಿನಲ್ಲಿ ಬ್ರೈಟ್‌ನೆಸ್ ಪಟ್ಟಿ ಸಾಮಾನ್ಯವಾಗಿ ಇರುವುದೇ ಇಲ್ಲ. ಮಾನಿಟರಿನ ಗುಂಡಿಗಳಲ್ಲೇ ಏರಿಸಿ ಇಳಿಸಬೇಕು.

ತಪ್ಪು ರೆಸಲ್ಯೂಶನ್ ಆರಿಸಿಬಿಟ್ಟೆ. ಪರದೆ ಕಪ್ಪಾಗಿದೆ, ‘ಔಟ್ ಆಫ್ ರೇಂಜ್’ ಅನ್ನುತ್ತಿದೆ.

ಏನೂ ಮುಟ್ಟದೆ ಸುಮ್ನೆ ಕೂತಿರಿ. ವಿಂಡೋಸ್ ‘ಕೀಪ್ ಚೇಂಜಸ್’ ಅಂತ ಕೇಳಿ 15 ಸೆಕೆಂಡ್ ಕಾಯುತ್ತದೆ. ನೀವು ಒಪ್ಪದಿದ್ದರೆ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಗಾಬರಿಯಲ್ಲಿ ಏನಾದರೂ ಒತ್ತಿ ಒಪ್ಪಿಬಿಡುವುದೇ ಅಪಾಯ.

ಒತ್ತಿಯೇ ಬಿಟ್ಟಿದ್ದರೆ ಬೇರೆ ಮಾನಿಟರ್ ಅಥವಾ ಟಿವಿ ಜೋಡಿಸಿ ಸರಿಮಾಡುವುದು ಸುಲಭ. ಅದೂ ಇಲ್ಲವೆಂದರೆ, ಮತ್ತೆ ಆನ್ ಮಾಡಿದಾಗ ಲಾಗಿನ್ ಪುಟ ಕಾಣುತ್ತಿದ್ದರೆ, ಅಲ್ಲೇ ಶಿಫ್ಟ್ ಹಿಡಿದು ‘ರೀಸ್ಟಾರ್ಟ್’ ಒತ್ತಿ. ‘ಟ್ರಬಲ್‌ಶೂಟ್’, ‘ಅಡ್ವಾನ್ಸ್‌ಡ್ ಆಪ್ಶನ್ಸ್’, ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’ ಮೂಲಕ ಹೋಗಿ ರೀಸ್ಟಾರ್ಟ್ ಮಾಡಿ, ಬರುವ ಪಟ್ಟಿಯಲ್ಲಿ 3 ಒತ್ತಿ. ಕಡಿಮೆ ರೆಸಲ್ಯೂಶನ್ನಿನಲ್ಲಿ ತೆರೆದುಕೊಳ್ಳುತ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇರುವ ಲ್ಯಾಪ್‌ಟಾಪ್ ಈ ದಾರಿಯಲ್ಲಿ ಆ ಬೀಗ ತೆರೆಯುವ ಸಂಖ್ಯೆಯನ್ನು, ಅಂದರೆ ರಿಕವರಿ ಕೀ ಕೇಳಬಹುದು, ಅದನ್ನು ಕೈಯಲ್ಲಿಟ್ಟುಕೊಂಡೇ ಮುಂದುವರಿಯಿರಿ.

ಏನೂ ಬದಲಿಸದೆ ಇದ್ದಕ್ಕಿದ್ದ ಹಾಗೆ ಕಪ್ಪಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ತೆರೆದಿಟ್ಟ ಕೆಲಸ ಹೋಗುವುದಿಲ್ಲ.

ಟಿವಿ ಅಥವಾ ಪ್ರೊಜೆಕ್ಟರಿಗೆ ಜೋಡಿಸಿದೆ. ಚಿತ್ರ ಬರ್ತಿಲ್ಲ, ಬಂದರೂ ಅಂಚು ಕತ್ತರಿಸಿಹೋಗಿದೆ.

ವಿಂಡೋಸ್ ಕೀ ಮತ್ತು ಪಿ ಒತ್ತಿ. ತರಗತಿಯಲ್ಲಿ ಪ್ರೊಜೆಕ್ಟರ್ ಬಳಸುವ ಮೇಷ್ಟ್ರುಗಳು ಇದೊಂದನ್ನು ನೆನಪಿಟ್ಟರೆ ಪಾಠದ ಹತ್ತು ನಿಮಿಷ ಉಳಿಯುತ್ತದೆ. ‘ಡುಪ್ಲಿಕೇಟ್’ ಅಂದರೆ ಎರಡೂ ಕಡೆ ಒಂದೇ ಚಿತ್ರ. ‘ಎಕ್ಸ್‌ಟೆಂಡ್’ ಅಂದರೆ ಎರಡೂ ಸೇರಿ ಒಂದು ದೊಡ್ಡ ಮೇಜು ಇದ್ದ ಹಾಗೆ. ಕೇಬಲ್ ಬಿಚ್ಚಿದ ಮೇಲೆ ಒಂದು ವಿಂಡೋ ಕಾಣದ ಕಡೆ ಸಿಕ್ಕಿಕೊಂಡರೆ ಆಲ್ಟ್ ಟ್ಯಾಬ್‌ನಿಂದ ಅದನ್ನು ಆರಿಸಿ, ವಿಂಡೋಸ್, ಶಿಫ್ಟ್ ಮತ್ತು ಎಡ ಬಾಣ ಒತ್ತಿ, ಈಚೆ ಬರುತ್ತದೆ.

ಅಂಚು ಕತ್ತರಿಸುವುದು ಟಿವಿಯ ಹಳೆಯ ಅಭ್ಯಾಸ. ಡಬ್ಬಿ ಟಿವಿಗಳ ಕಾಲದಲ್ಲಿ ಚಿತ್ರದ ಅಂಚು ಮಾಸಲಾಗಿ ಬರುತ್ತಿತ್ತು, ಅದನ್ನು ಮುಚ್ಚಲು ಚಿತ್ರವನ್ನು ಒಂಚೂರು ಹಿಗ್ಗಿಸಿ ತೋರಿಸುತ್ತಿದ್ದರು. ಇವತ್ತಿನ ಟಿವಿಗಳಲ್ಲೂ ಅದು ಉಳಿದುಕೊಂಡಿದೆ. ಇದನ್ನು ಕಂಪ್ಯೂಟರಿನಲ್ಲಿ ಸರಿಮಾಡಲು ಹೋಗಬೇಡಿ. ಟಿವಿ ರಿಮೋಟಿನಲ್ಲಿ ಚಿತ್ರದ ಅಳತೆಯ ಮೆನು ತೆರೆದು ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಇವುಗಳಲ್ಲಿ ಯಾವುದಿದೆಯೋ ಅದನ್ನು ಹಾಕಿ.

ಟಿವಿಯಲ್ಲಿ ಕಪ್ಪು ಬಣ್ಣ ಬೂದಿಯ ಹಾಗೆ ಕಾಣುತ್ತದೆಯೇ? ಕಂಪ್ಯೂಟರಿಗೆ ಕಪ್ಪು ಅಂದರೆ 0, ಬಿಳಿ ಅಂದರೆ 255. ಟಿವಿ ಲೋಕದಲ್ಲಿ ಕಪ್ಪು 16, ಬಿಳಿ 235. ಒಂದು ಕಡೆ ಒಂದು ಲೆಕ್ಕ, ಇನ್ನೊಂದು ಕಡೆ ಇನ್ನೊಂದು ಲೆಕ್ಕ ಆದಾಗ ಹೀಗಾಗುತ್ತದೆ. ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಫುಲ್’ ಮತ್ತು ‘ಲಿಮಿಟೆಡ್’ ಎಂಬ ಆಯ್ಕೆ ಇರುತ್ತದೆ. ಬದಲಿಸಿ ನೋಡಿ.

ಬ್ರೈಟ್‌ನೆಸ್ ತಾನಾಗೇ ಏರಿಳಿಯುತ್ತದೆ.

ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್ ಮಾಡುವ ಕೆಲಸ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಬ್ರೈಟ್‌ನೆಸ್ ಪಕ್ಕದ ಬಾಣ ಒತ್ತಿದರೆ ‘ಚೇಂಜ್ ಬ್ರೈಟ್‌ನೆಸ್ ಬೇಸ್ಡ್ ಆನ್ ಕಂಟೆಂಟ್’ ಸಿಗುತ್ತದೆ. ಆಫ್ ಮಾಡಿ. ಎಷ್ಟು ಬೆಳಕು ಇಡಬೇಕು ಅನ್ನುವುದಕ್ಕೆ ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆಯ ಬಿಳಿ ಹಾಳೆಯಷ್ಟೇ ಇರಬೇಕು. ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿದ್ದರೆ ಇಳಿಸಿ.

ಎಲ್ಲ ಮಾಡಿ ನೋಡಿದೆ, ಆಗಲಿಲ್ಲ. ಅಂಗಡಿಗೆ ಹೋಗುವಾಗ ಏನು ಒಯ್ಯಬೇಕು?

ಸ್ಕ್ರೀನ್‌ಶಾಟ್ ಒಂದು, ಅದೇ ಪರದೆಯನ್ನು ಫೋನಿನಲ್ಲಿ ತೆಗೆದ ಫೋಟೋ ಒಂದು. ಬಯಾಸ್ ಪುಟದಲ್ಲಿ ಗೆರೆ ಇತ್ತೋ ಇಲ್ಲವೋ, ಟಿವಿಗೆ ಹಾಕಿದಾಗ ಹೇಗೆ ಬಂತು, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡೆಸ್ಕ್‌ಟಾಪ್ ಆದರೆ ಮಾನಿಟರಿನ ಜೊತೆ ನಿಮ್ಮ ಕೇಬಲ್ಲನ್ನೂ ಒಯ್ಯಿರಿ. ಅಂಗಡಿಯ ಕೇಬಲ್ಲಿನಲ್ಲಿ ಸರಿ ಕಂಡು, ಮನೆಗೆ ತಂದ ಮೇಲೆ ಮತ್ತೆ ಅದೇ ಹಾಡು ಆಗಬಾರದಲ್ಲ. ಹೊರಡುವ ಮೊದಲು ಫೋಟೋ, ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಪರದೆ ಕಾಣದಿದ್ದರೆ ಟಿವಿಗೆ ಜೋಡಿಸಿಯಾದರೂ ಹಾಕಿಕೊಳ್ಳಿ.